ಟೈ ರಾಡ್ ಎಂಡ್ ಮನೆಯಲ್ಲೇ ಬದಲಾಯಿಸುವುದು ಹೇಗೆ

ಮಳೆಗಾಲ ಮುಗಿದ ಮೇಲೆ ಮೂಡಿಗೆರೆ, ಸಕಲೇಶಪುರ ಕಡೆಯ ರಸ್ತೆಗಳಲ್ಲಿ ಕಾರು ಓಡಿಸಿದವರಿಗೆ ಈ ಸದ್ದು ಗೊತ್ತಿರುತ್ತದೆ. ಮುಂದಿನ ಚಕ್ರದ ಹತ್ತಿರ "ಕಟಕ್" ಅನ್ನುತ್ತದೆ. ದೊಡ್ಡ ಗುಂಡಿಗಿಂತ ಟಾರು ಕಿತ್ತು ಜಲ್ಲಿ ಎದ್ದ ಜಾಗದಲ್ಲೇ ಜಾಸ್ತಿ. ನಮ್ಮ ಹಳೆಯ ಸಣ್ಣ ಕಾರಿನಲ್ಲಿ ಇದು ಶುರುವಾದಾಗ ಗ್ಯಾರೇಜಿನವರು ಮೊದಲು ಲಿಂಕ್ ರಾಡ್ ಹಾಕಿದರು, ಆಮೇಲೆ ಶಾಕ್ ಅಬ್ಸಾರ್ಬರ್ ಮೇಲಿನ ಮೌಂಟ್ ಬದಲಾಯಿಸಿದರು. ಸದ್ದು ಹೋಗಲಿಲ್ಲ. ಕೊನೆಗೆ ಒಂದು ಭಾನುವಾರ ತಮ್ಮನನ್ನು ಸ್ಟೇರಿಂಗ್ ಮುಂದೆ ಕೂರಿಸಿ, ನಾನು ಚಕ್ರದ ಹಿಂದೆ ಕೈ ಹಾಕಿ ಹುಡುಕಿದಾಗ ಸಿಕ್ಕಿದ್ದು ಟೈ ರಾಡ್ ಎಂಡ್. ಅವತ್ತಿನಿಂದ ಈ ಕೆಲಸವನ್ನು ನಾನೇ ಮಾಡುತ್ತಿದ್ದೇನೆ. ಕಷ್ಟದ ಕೆಲಸ ಅಲ್ಲ, ಆದರೆ ಸ್ಟೇರಿಂಗಿನ ಕೆಲಸ. ಅರೆಬರೆ ಮಾಡುವ ಹಾಗಿಲ್ಲ.

ಮೊದಲು ಇದು ಎಲ್ಲಿದೆ ಅಂತ ನೋಡೋಣ. ಇವತ್ತಿನ ಬಹುತೇಕ ಕಾರುಗಳಲ್ಲಿ ಇರುವುದು ರ‍್ಯಾಕ್ ಅಂಡ್ ಪಿನಿಯನ್ ಸ್ಟೇರಿಂಗ್. ನೀವು ಸ್ಟೇರಿಂಗ್ ತಿರುಗಿಸಿದರೆ ಅಡ್ಡ ಮಲಗಿರುವ ರ‍್ಯಾಕ್ ಎಡಕ್ಕೋ ಬಲಕ್ಕೋ ಸರಿಯುತ್ತದೆ. ಅದರ ಎರಡು ತುದಿಯಲ್ಲಿ ಒಂದೊಂದು ಸರಳು, ಅದೇ ಟೈ ರಾಡ್. ಒಳಗಿನ ತುದಿ ಮಡಿಕೆ ಮಡಿಕೆ ರಬ್ಬರ್ ಬೂಟಿನ ಒಳಗೆ ಅಡಗಿರುತ್ತದೆ. ಹೊರಗಿನ ತುದಿಗೆ ಥ್ರೆಡ್ ಮೇಲೆ ತಿರುಗಿಸಿ ಕೂರಿಸಿದ ಒಂದು ಬಾಲ್ ಜಾಯಿಂಟ್ ಇದೆ, ಬಟ್ಟಲಿನಂಥ ಗೂಡಿನಲ್ಲಿ ಎಲ್ಲ ಕಡೆಗೂ ತಿರುಗುವ ಗುಂಡು. ಇದೇ ಟೈ ರಾಡ್ ಎಂಡ್, ನಾವು ಬದಲಾಯಿಸುವುದು ಇದನ್ನೇ. ಇದರ ಗುಂಡಿನಿಂದ ಹೊರಟ ಸ್ಟಡ್ (ತುದಿಯಲ್ಲಿ ಥ್ರೆಡ್ ಇರುವ ಗೂಟ), ಚಕ್ರವನ್ನು ಹೊತ್ತು ತಿರುಗುವ ಲೋಹದ ತುಂಡಾದ ನಕಲ್‌ನ ಕಣ್ಣಿಗೆ ಹೋಗಿ ಕೂರುತ್ತದೆ. ಗುಂಡಿನ ಸುತ್ತ ಗ್ರೀಸ್, ಅದನ್ನು ಕಾಪಾಡಲು ಒಂದು ಸಣ್ಣ ರಬ್ಬರ್ ಟೋಪಿ. ಆ ಟೋಪಿ ಹರಿದರೆ ಕೆಸರು ನೀರು ಒಳಗೆ ಹೋಗುತ್ತದೆ, ಗ್ರೀಸ್ ಹೊರಗೆ ಬರುತ್ತದೆ, ಗುಂಡು ಸವೆಯುತ್ತದೆ. ಜೀಪಿನಂಥ ಹಳೆಯ ಗಾಡಿಗಳಲ್ಲಿ ಸ್ಟೇರಿಂಗ್ ಬಾಕ್ಸ್ ಇರುತ್ತದೆ, ಅವುಗಳ ಜೋಡಣೆ ಬೇರೆ. ಇಲ್ಲಿ ಹೇಳುತ್ತಿರುವುದು ರ‍್ಯಾಕ್ ಇರುವ ಕಾರಿನ ವಿಷಯ.

ಹೋಗಿರುವುದು ಇದೇನಾ?

ಬಿಚ್ಚುವ ಮೊದಲು ಖಾತ್ರಿ ಮಾಡಿಕೊಳ್ಳಿ. ಮುಂದಿನ ಚಕ್ರ ಎತ್ತಿ, ಗಡಿಯಾರದ 3 ಮತ್ತು 9 ಇರುವ ಕಡೆ ಎರಡೂ ಕೈ ಇಟ್ಟು ಚಕ್ರವನ್ನು ಒಳಗೆ ಹೊರಗೆ ಅಲ್ಲಾಡಿಸಿ. "ಕಟ ಕಟ" ಅಂತ ಪ್ಲೇ (ಸಡಿಲ) ಸಿಕ್ಕಿದರೆ ಅನುಮಾನ ಟೈ ರಾಡ್ ಮೇಲೆ. ಆಮೇಲೆ 12 ಮತ್ತು 6 ಹತ್ತಿರ ಹಿಡಿದು ಅಲ್ಲಾಡಿಸಿ. ಅಲ್ಲೂ ಪ್ಲೇ ಇದ್ದರೆ ವೀಲ್ ಬೇರಿಂಗ್ ಅಥವಾ ಕೆಳಗಿನ ಬಾಲ್ ಜಾಯಿಂಟ್ ನೋಡಬೇಕು, ಅದು ಬೇರೆ ಕೆಲಸ.

ಇದಕ್ಕಿಂತ ನನಗೆ ನಂಬಿಕೆ ಇರುವ ಪರೀಕ್ಷೆ ಇನ್ನೊಂದಿದೆ. ಕಾರು ನೆಲದ ಮೇಲೇ ಇರಲಿ, ಎಂಜಿನ್ ಆಫ್, ಹ್ಯಾಂಡ್ ಬ್ರೇಕ್ ಹಾಕಿ, ಕೀ ತಿರುಗಿಸಿ ಸ್ಟೇರಿಂಗ್ ಲಾಕ್ ಬಿಡಿಸಿಡಿ. ಒಬ್ಬರನ್ನು ಒಳಗೆ ಕೂರಿಸಿ. ನಾನು ತಮ್ಮನಿಗೆ ಹೇಳುವುದು ಇಷ್ಟೇ: "ಸಣ್ಣಗೆ ಆಡಿಸು ಕಣೋ, ಎರಡು ಬೆರಳಷ್ಟು, ಪೂರ್ತಿ ತಿರುಗಿಸಬೇಡ." ಅವನು ಆಡಿಸುವಾಗ ನೀವು ಎಂಡ್ ಮತ್ತು ನಕಲ್ ಎರಡೂ ಒಟ್ಟಿಗೆ ಸಿಗುವ ಹಾಗೆ ಬೆರಳಿಟ್ಟು ಹಿಡಿಯಿರಿ. ಒಳ್ಳೆಯ ಜಾಯಿಂಟ್ ಆದರೆ ಎರಡೂ ಒಂದೇ ತುಂಡಿನ ಹಾಗೆ ಅಲ್ಲಾಡುತ್ತವೆ. ಸವೆದಿದ್ದರೆ ಸರಳು ಮೊದಲು ಸರಿಯುತ್ತದೆ, ಕ್ಷಣ ತಡೆದು ನಕಲ್ ಹಿಂದೆ ಬರುತ್ತದೆ. ಆ ಸಣ್ಣ ಬಡಿತ ಬೆರಳಿಗೆ ತಟ್ಟುತ್ತದೆ, ಅಲುಗಾಡುವ ಹಲ್ಲು ನಾಲಿಗೆಗೆ ಗೊತ್ತಾದ ಹಾಗೆ. ಇಲ್ಲಿ ಏನೂ ಇಲ್ಲದಿದ್ದರೆ ರ‍್ಯಾಕಿನ ಮಡಿಕೆ ಬೂಟನ್ನು ಹೊರಗಿನಿಂದ ಹಿಸುಕಿ ಹಿಡಿದು ಅದೇ ಪರೀಕ್ಷೆ ಮಾಡಿ. ಬಡಿತ ಅಲ್ಲಿ ಸಿಕ್ಕರೆ ಹೋಗಿರುವುದು ಒಳಗಿನ ಜಾಯಿಂಟ್, ಹೊರಗಿನದು ಬದಲಾಯಿಸಿ ಪ್ರಯೋಜನ ಇಲ್ಲ.

ಟೈರ್ ಕೂಡ ಹೇಳುತ್ತದೆ. ಅಂಗೈಯನ್ನು ಟೈರಿನ ಹೂವಿನ (ನೆಲಕ್ಕೆ ತಾಗುವ ಪಟ್ಟಿಯ) ಮೇಲೆ ಒಳಗಿನಿಂದ ಹೊರಕ್ಕೆ, ಹೊರಗಿನಿಂದ ಒಳಕ್ಕೆ ಸವರಿ ನೋಡಿ. ಒಂದು ಕಡೆಗೆ ನುಣ್ಣಗೆ, ಇನ್ನೊಂದು ಕಡೆಗೆ ಗರಗಸದ ಹಲ್ಲಿನ ಹಾಗೆ ತರಚಿದರೆ ಟೋ (ಮೇಲಿನಿಂದ ನೋಡಿದಾಗ ಮುಂದಿನ ಚಕ್ರಗಳು ಒಳಗೋ ಹೊರಗೋ ತಿರುಗಿ ನಿಂತಿರುವ ಅಳತೆ) ಕೆಟ್ಟಿದೆ ಅಂತ ಅರ್ಥ. ಪ್ಲೇ ಇರುವ ಎಂಡ್ ಇಟ್ಟುಕೊಂಡು ಎಷ್ಟು ಸಲ ಅಲೈನ್‌ಮೆಂಟ್ ಮಾಡಿಸಿದರೂ ಅದು ನಿಲ್ಲುವುದಿಲ್ಲ.

ಪಾರ್ಟ್ ತರುವಾಗ

ಕಾರಿನ ಮಾಡೆಲ್, ವರ್ಷ, ಪವರ್ ಸ್ಟೇರಿಂಗ್ ಇದೆಯೋ ಇಲ್ಲವೋ, ಎಡವೋ ಬಲವೋ, ಇಷ್ಟನ್ನೂ ಬರೆದುಕೊಂಡು ಹೋಗಿ. ಸಣ್ಣ ಕಾರಿನ ಎಂಡ್‌ಗೆ ಕೆಲವು ನೂರು ರೂಪಾಯಿ ಅಷ್ಟೇ, ಇಲ್ಲಿ ಉಳಿಸಲು ಹೋಗಿ ಹೆಸರಿಲ್ಲದ ಡಬ್ಬಿಯ ಪಾರ್ಟ್ ತರಬೇಡಿ. ಬೆಂಗಳೂರಿನವರಿಗೆ ಜೆ.ಸಿ. ರೋಡ್ ಇದೆ, ಊರಿನವರು ನಂಬಿಕೆಯ ಅಂಗಡಿಯಲ್ಲೇ ಕೇಳಿ ತರಿಸಿ. ಅಂಗಡಿಯಲ್ಲೇ ಸ್ಟಡ್ ಹಿಡಿದು ಅಲ್ಲಾಡಿಸಿ ನೋಡಿ. ಹೊಸ ಎಂಡ್ ಬೆರಳಿಗೆ ಬಿಗಿಯಾಗಿ, ಒಂದೇ ಸಮ ಸರಿಯಬೇಕು. ಪೊಟ್ಟಣದಲ್ಲಿ ಹೊಸ ನಟ್ ಮತ್ತು ಸ್ಪ್ಲಿಟ್ ಪಿನ್ (ನಟ್ ಕಳಚದ ಹಾಗೆ ತಡೆಯುವ ಎರಡು ಕಾಲಿನ ತಂತಿ ಪಿನ್) ಇದೆಯಾ ನೋಡಿ, ಪಿನ್ ಇಲ್ಲದಿದ್ದರೆ ಅಲ್ಲೇ ಎರಡು ಜಾಸ್ತಿ ಕೊಳ್ಳಿ.

ಒಂದು ಕಡೆ ಹೋಗಿ ಇನ್ನೊಂದು ಕಡೆ ಬಿಗಿಯಾಗಿದ್ದರೆ ಎರಡನ್ನೂ ಬದಲಾಯಿಸಲೇಬೇಕು ಅಂತ ಇಲ್ಲ. ಆದರೆ ಎರಡೂ ಒಂದೇ ವಯಸ್ಸಿನವು, ಅಲೈನ್‌ಮೆಂಟ್ ಖರ್ಚು ಹೇಗೂ ಒಂದು ಸಲ ಬರುತ್ತದೆ, ಹಾಗಾಗಿ ನಾನು ಜೋಡಿಯಾಗಿಯೇ ಹಾಕುತ್ತೇನೆ.

ಸಾಮಾನು ಜಾಸ್ತಿ ಏನೂ ಬೇಡ. ಜಾಕ್, ಎರಡು ಜಾಕ್ ಸ್ಟ್ಯಾಂಡ್, ವೀಲ್ ಸ್ಪ್ಯಾನರ್, 14ರಿಂದ 22ರವರೆಗಿನ ಸ್ಪ್ಯಾನರ್, ಕಟಿಂಗ್ ಪ್ಲೇಯರ್, ತಂತಿ ಬ್ರಷ್, ತುಕ್ಕು ಬಿಡಿಸುವ ಸ್ಪ್ರೇ, ಸ್ಕೇಲು, ಬಿಳಿ ಪೇಂಟ್ ಅಥವಾ ನೇಲ್ ಪಾಲಿಷ್, ಒಂದು ಒಳ್ಳೆ ಸುತ್ತಿಗೆ. ಟೈ ರಾಡ್ ಪುಲ್ಲರ್ (ಕಚ್ಚಿಕೊಂಡ ಸ್ಟಡ್ ಅನ್ನು ಒತ್ತಿ ಬಿಡಿಸುವ ಸಾಧನ) ಸಿಕ್ಕರೆ ಕೊಂಡುಬಿಡಿ, ಅರ್ಧ ಶ್ರಮ ಉಳಿಯುತ್ತದೆ. ಟಾರ್ಕ್ ರೆಂಚ್ (ನಟ್ ಎಷ್ಟು ಬಲದಿಂದ ಬಿಗಿದಿದೆ ಅಂತ ತೋರಿಸುವ ಸ್ಪ್ಯಾನರ್) ಇಲ್ಲದಿದ್ದರೆ ಯಾರ ಹತ್ತಿರವಾದರೂ ಕೇಳಿ ತನ್ನಿ.

ಹಿಂದಿನ ದಿನ ಸಂಜೆಯೇ ತಂತಿ ಬ್ರಷ್‌ನಿಂದ ಥ್ರೆಡ್ ಮೇಲಿನ ಕೆಮ್ಮಣ್ಣು ಉಜ್ಜಿ ತೆಗೆದು, ಚೆಕ್ ನಟ್ (ಎಂಡ್ ಅನ್ನು ಸರಳಿನ ಮೇಲೆ ಅಲ್ಲಾಡದ ಹಾಗೆ ಬಿಗಿಯುವ ನಟ್) ಮತ್ತು ಸ್ಟಡ್ ನಟ್ ಎರಡಕ್ಕೂ ಸ್ಪ್ರೇ ಹೊಡೆದು ಬಿಡಿ. ಕರಾವಳಿಯ ಕಾರಾದರೆ ಎರಡು ದಿನ ಮೊದಲೇ ಶುರು ಮಾಡಿ, ಉಪ್ಪು ಗಾಳಿಗೆ ಹಿಡಿದ ತುಕ್ಕು ಸುಲಭಕ್ಕೆ ಬಿಡುವುದಿಲ್ಲ.

ಎತ್ತುವುದು

ಗಟ್ಟಿ, ಸಮತಟ್ಟು ನೆಲ ಬೇಕು. ಅಂಗಳದ ಮಣ್ಣಿನ ಮೇಲಾದರೆ ಜಾಕ್ ಮತ್ತು ಸ್ಟ್ಯಾಂಡ್ ಕೆಳಗೆ ದಪ್ಪ ಹಲಗೆ ಹಾಕಿ. ಹ್ಯಾಂಡ್ ಬ್ರೇಕ್, ಫಸ್ಟ್ ಗೇರ್, ಹಿಂದಿನ ಚಕ್ರಕ್ಕೆ ಎರಡೂ ಕಡೆ ಅಡ್ಡಗಲ್ಲು. ವೀಲ್ ನಟ್‌ಗಳನ್ನು ಚಕ್ರ ನೆಲದಲ್ಲಿರುವಾಗಲೇ ಅರ್ಧ ಸುತ್ತು ಸಡಿಲಿಸಿ. ಎತ್ತಿದ ಮೇಲೆ ಸ್ಟ್ಯಾಂಡ್ ಕೊಟ್ಟು, ಕಾರನ್ನು ಕೈಯಿಂದ ಒಮ್ಮೆ ತಳ್ಳಿ ನೋಡಿ, ಅಲುಗಾಡಬಾರದು.

ಸಿಮೆಂಟ್ ಹಾಲೋ ಬ್ಲಾಕ್ ಕೊಡುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ಗೋಡೆಯಲ್ಲಿ ಭಾರ ಹರಡಿಕೊಂಡು ನಿಲ್ಲುವ ಬ್ಲಾಕ್, ಒಂದೇ ಬಿಂದುವಿನ ಮೇಲೆ ಭಾರ ಬಿದ್ದಾಗ ಸೂಚನೆಯೇ ಕೊಡದೆ ಒಡೆಯುತ್ತದೆ. ಇಟ್ಟಿಗೆಯೂ ಅಷ್ಟೇ. ಸ್ಟ್ಯಾಂಡ್ ಇಲ್ಲದ ದಿನ ಈ ಕೆಲಸ ಮಾಡಬೇಡಿ. ಬಿಚ್ಚಿದ ಚಕ್ರವನ್ನು ಕಾರಿನ ಪಕ್ಕದ ಸಿಲ್ (ಬಾಗಿಲ ಕೆಳಗಿನ ಅಂಚು) ಅಡಿಗೆ ಮಲಗಿಸಿಡಿ, ಏನಾದರೂ ಆದರೆ ಕಾರು ಅದರ ಮೇಲೆ ಕೂರುತ್ತದೆ, ನಿಮ್ಮ ಮೇಲಲ್ಲ.

ಅಳತೆ ಮೊದಲು, ಬಿಚ್ಚುವುದು ಆಮೇಲೆ

ಇಲ್ಲಿ ಹತ್ತು ನಿಮಿಷ ತಾಳ್ಮೆ ಇಟ್ಟುಕೊಳ್ಳಿ. ಹಳೆಯ ಎಂಡ್ ಸರಳಿನ ಮೇಲೆ ಎಲ್ಲಿ ಕೂತಿದೆಯೋ ಹೊಸದೂ ಅಲ್ಲೇ ಕೂರಬೇಕು. ಸರಳಿನ ಮೇಲೆ, ಥ್ರೆಡ್‌ನಿಂದ ಸ್ವಲ್ಪ ಒಳಗೆ ಪೇಂಟಿನಲ್ಲಿ ಒಂದು ಗೆರೆ ಎಳೆಯಿರಿ. ಆ ಗೆರೆಯಿಂದ ಎಂಡ್‌ನ ಸ್ಟಡ್ ಮಧ್ಯದವರೆಗೆ ಸ್ಕೇಲಿನಲ್ಲಿ ಅಳೆದು ಬರೆದಿಡಿ. ಮೊಬೈಲಿನಲ್ಲಿ ಫೋಟೊ ಕೂಡ ತೆಗೆಯಿರಿ. "ಎಷ್ಟು ಸುತ್ತು ಬಿಚ್ಚಿದೆವೋ ಅಷ್ಟೇ ಸುತ್ತು ಹಾಕಿದರಾಯಿತು" ಅನ್ನುತ್ತಾರಲ್ಲ, ಅದು ಎರಡೂ ಎಂಡ್ ಅಳತೆಯಲ್ಲಿ ಒಂದೇ ಆಗಿದ್ದರೆ ಮಾತ್ರ ಸರಿ. ಬೇರೆ ಕಂಪನಿಯ ಎಂಡ್ ಎರಡು ಮಿ.ಮೀ. ಉದ್ದ ಇದ್ದರೂ ಸುತ್ತಿನ ಲೆಕ್ಕ ತಪ್ಪುತ್ತದೆ. ಸುತ್ತೂ ಎಣಿಸಿ, ಆದರೆ ನಂಬುವುದು ಅಳತೆಯನ್ನು.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ಈ ಥ್ರೆಡ್ ಒಂದು ಸುತ್ತಿಗೆ ಸುಮಾರು ಒಂದೂಕಾಲರಿಂದ ಒಂದೂವರೆ ಮಿ.ಮೀ. ಸರಿಯುತ್ತದೆ. ಅದು ತಳ್ಳುವ ನಕಲ್‌ನ ತೋಳು ಅರ್ಧ ಗೇಣು ಇದ್ದರೆ, ಟೈರ್ ಅಡ್ಡಳತೆ ಎರಡೂವರೆ ಗೇಣು. ಹಾಗಾಗಿ ಇಲ್ಲಿ ಒಂದು ಸುತ್ತು ತಪ್ಪಿದರೆ ಟೈರಿನ ಮುಂದಿನ ಅಂಚಿಗೂ ಹಿಂದಿನ ಅಂಚಿಗೂ ಆರೇಳು ಮಿ.ಮೀ. ವ್ಯತ್ಯಾಸ ಬರುತ್ತದೆ. ಕಂಪನಿ ಹೇಳುವ ಟೋ ಸಾಮಾನ್ಯವಾಗಿ ಒಂದೆರಡು ಮಿ.ಮೀ. ಒಳಗಿನ ವಿಷಯ. ಅಷ್ಟು ತಪ್ಪಿದ ಕಾರನ್ನು ಹೆದ್ದಾರಿಯಲ್ಲಿ ಓಡಿಸಿದರೆ ಹೊಸ ಟೈರ್ ಬಹಳ ಬೇಗ ತಿಂದುಹೋಗುತ್ತದೆ.

ಅಳತೆ ಆದ ಮೇಲೆ ಮೊದಲು ಚೆಕ್ ನಟ್ ಸಡಿಲಿಸಿ. ಸ್ಟಡ್ ಇನ್ನೂ ನಕಲ್‌ನಲ್ಲಿ ಬಿಗಿಯಾಗಿ ಕೂತಿರುವಾಗಲೇ ಇದನ್ನು ಮಾಡಬೇಕು, ಎಂಡ್ ಅಲ್ಲಾಡದೆ ಹಿಡಿತ ಕೊಡುತ್ತದೆ. ಕಾಲು ಸುತ್ತು ಬಿಟ್ಟರೆ ಸಾಕು. ಸರಳು ಜೊತೆಗೆ ತಿರುಗಿದರೆ ಅದರ ಮೇಲೆ ಸ್ಪ್ಯಾನರ್ ಕೂರುವ ಚಪ್ಪಟೆ ಜಾಗ ಹುಡುಕಿ ಹಿಡಿಯಿರಿ. ಇಲ್ಲದಿದ್ದರೆ ರ‍್ಯಾಕಿನ ಮಡಿಕೆ ಬೂಟು ತಿರುಚಿಕೊಂಡು ಹರಿಯುತ್ತದೆ.

ಟೇಪರ್ ಬಿಡಿಸುವುದು

ಎಲ್ಲರೂ ಒದ್ದಾಡುವುದು ಇಲ್ಲಿ. ಸ್ಪ್ಲಿಟ್ ಪಿನ್‌ನ ಕಾಲು ನೆಟ್ಟಗೆ ಮಾಡಿ ಪ್ಲೇಯರ್‌ನಿಂದ ಎಳೆದು ತೆಗೆಯಿರಿ. ತುಕ್ಕು ಹಿಡಿದು ಮುರಿದರೆ ಪರವಾಗಿಲ್ಲ, ತಲೆ ಕತ್ತರಿಸಿ ಒಳಗಿನ ತುಂಡನ್ನು ಸಣ್ಣ ಮೊಳೆಯಿಂದ ತಟ್ಟಿ ಹೊರಗೆ ತಳ್ಳಿ. ಆಮೇಲೆ ಕಿರೀಟದ ಹಾಗೆ ಸೀಳು ಇರುವ ನಟ್ ಬಿಚ್ಚಿ. ಪೂರ್ತಿ ತೆಗೆಯಬೇಡಿ. ಸ್ಟಡ್ ತುದಿಗೆ ಸಮನಾಗಿ ನಾಲ್ಕೈದು ಥ್ರೆಡ್ ಮೇಲೆ ಬಿಟ್ಟಿರಿ.

ನಟ್ ಬಿಚ್ಚಿದರೂ ಎಂಡ್ ಕೆಳಗೆ ಬೀಳುವುದಿಲ್ಲ. ಯಾಕೆಂದರೆ ಅದನ್ನು ಹಿಡಿದಿಟ್ಟಿರುವುದು ನಟ್ ಒಂದೇ ಅಲ್ಲ. ಸ್ಟಡ್ ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ. ನಕಲ್‌ನ ತೂತೂ ಹಾಗೇ ಇದೆ, ಈ ಇಳಿಜಾರಿಗೇ ಟೇಪರ್ ಅನ್ನುವುದು. ಪಿಕಾಸಿಯ ಕಣ್ಣಿಗೆ ಕಾವು ಕೂತ ಹಾಗೆ, ಎಳೆದಷ್ಟೂ ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಇದು ತಲೆಗೆ ಹೋದರೆ ಮುಂದಿನದು ಸುಲಭ. ಸ್ಟಡ್ ಅನ್ನು ಎಳೆದು ಪ್ರಯೋಜನ ಇಲ್ಲ, ಕಚ್ಚಿದ್ದನ್ನು ಬಿಡಿಸಬೇಕು.

ಪುಲ್ಲರ್ ಇದ್ದರೆ ಅದರ ಕವಲು ನಕಲ್‌ಗೂ ಎಂಡ್‌ಗೂ ನಡುವೆ, ಬೋಲ್ಟ್ ಸ್ಟಡ್ ತುದಿಯ ಮೇಲೆ ಕೂರಿಸಿ ಬಿಗಿಯುತ್ತಾ ಹೋಗಿ. ಚೆನ್ನಾಗಿ ಬಿಗಿಯಾದ ಮೇಲೆ ಇನ್ನೂ ಒತ್ತಬೇಡಿ. ಆ ಒತ್ತಡ ಇರುವಾಗಲೇ ನಕಲ್‌ನ ಕಣ್ಣಿನ ಪಕ್ಕಕ್ಕೆ ಸುತ್ತಿಗೆಯಿಂದ ಎರಡೇಟು ಕೊಡಿ. "ಟಪ್" ಅಂತ ಗುಂಡು ಹಾರಿಸಿದ ಹಾಗೆ ಸದ್ದಾಗಿ ಬಿಡುತ್ತದೆ. ಮೊದಲ ಸಲ ಎದೆ ಧಸಕ್ಕೆನ್ನುತ್ತದೆ. ತುದಿಯಲ್ಲಿ ನಟ್ ಬಿಟ್ಟಿದ್ದು ಇದಕ್ಕೇ, ಎಂಡ್ ಮತ್ತು ಪುಲ್ಲರ್ ಎರಡೂ ಹಾರಿ ಮುಖಕ್ಕೆ ಬರಬಾರದು. ಕನ್ನಡಕ ಹಾಕಿಕೊಳ್ಳಿ.

ಪುಲ್ಲರ್ ಇಲ್ಲದಿದ್ದರೆ ಎರಡು ಸುತ್ತಿಗೆ. ಕಣ್ಣಿನ ಒಂದು ಪಕ್ಕಕ್ಕೆ ಭಾರದ ಸುತ್ತಿಗೆ ಒತ್ತಿ ಹಿಡಿದು, ಎದುರು ಪಕ್ಕಕ್ಕೆ ಇನ್ನೊಂದರಿಂದ ಚುರುಕಾಗಿ ಹೊಡೆಯಿರಿ. ಕಣ್ಣು ಕ್ಷಣ ಮಾತ್ರ ಒಂಚೂರು ಅಂಡಾಕಾರ ಆಗಿ ಸ್ಟಡ್ ಬಿಡುತ್ತದೆ. ನಾಲ್ಕು ಜೋರಾದ ಏಟು ನಲವತ್ತು ಮೆತ್ತನೆ ಏಟಿಗಿಂತ ಮೇಲು. ಕೆಲವು ಕಾರುಗಳಲ್ಲಿ ನಕಲ್ ಅಲ್ಯೂಮಿನಿಯಂ ಇರುತ್ತದೆ, ಅಲ್ಲಿ ಸುತ್ತಿಗೆ ಬೇಡ, ಪುಲ್ಲರ್ ಒಂದೇ ದಾರಿ. ಸ್ಟಡ್ ತುದಿಗೆ ನೇರ ಹೊಡೆಯುವುದು, ಗ್ಯಾಸ್ ಬೆಂಕಿಯಲ್ಲಿ ಕಾಯಿಸುವುದು ಎರಡೂ ಬೇಡ. ಪಕ್ಕದಲ್ಲೇ ಬ್ರೇಕ್ ಹೋಸ್ ಇದೆ, ಗ್ರೀಸ್ ಇದೆ, ರಬ್ಬರ್ ಇದೆ.

ಬಿಟ್ಟ ಮೇಲೆ ಎಂಡ್ ಅನ್ನು ಸರಳಿನಿಂದ ತಿರುಗಿಸಿ ತೆಗೆಯಿರಿ, ಸುತ್ತು ಎಣಿಸುತ್ತಾ. ಯಾವ ಕಡೆಗೆ ತಿರುಗುತ್ತದೆ ಅಂತ ಥ್ರೆಡ್ ನೋಡಿಯೇ ಶುರು ಮಾಡಿ, ಕೆಲವು ಗಾಡಿಗಳಲ್ಲಿ ಒಂದು ಕಡೆ ಎಡ ಥ್ರೆಡ್ ಇರುತ್ತದೆ. ನಮ್ಮ ಕಾರಿನ ಹಳೆಯ ಎಂಡ್ ಕೈಗೆ ಬಂದಾಗ ಸ್ಟಡ್ ತನ್ನ ಭಾರಕ್ಕೇ ಅತ್ತಿತ್ತ ಜೋತಾಡುತ್ತಿತ್ತು. ಟೋಪಿ ಒತ್ತಿದರೆ ಗ್ರೀಸ್ ಬರಲಿಲ್ಲ, ತುಕ್ಕಿನ ಬಣ್ಣದ ನೀರು ಎರಡು ಹನಿ ಅಂಗೈ ಮೇಲೆ ಬಿತ್ತು. ಇದರ ಮೇಲೆ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಚಾರ್ಮಾಡಿ ಘಾಟಿ ಇಳಿದಿದ್ದೆ. ಅದನ್ನು ತಮ್ಮನಿಗೆ ತೋರಿಸಿದೆ, ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಹೊಸದು ಹಾಕುವುದು

ಹಳೆಯದನ್ನೂ ಹೊಸದನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ಥ್ರೆಡ್, ಸ್ಟಡ್ ದಪ್ಪ, ಬಾಗು, ಉದ್ದ ಎಲ್ಲವೂ ಹೊಂದಬೇಕು. ಸರಳಿನ ಥ್ರೆಡ್ ಒರೆಸಿ ಸ್ವಲ್ಪ ಗ್ರೀಸ್ ಸವರಿ. ಮುಂದಿನ ಸಲ ಬಿಚ್ಚುವಾಗ ಇದರ ಬೆಲೆ ಗೊತ್ತಾಗುತ್ತದೆ. ಹೊಸ ಎಂಡ್ ತಿರುಗಿಸುತ್ತಾ ಬಂದು, ಪೇಂಟ್ ಗೆರೆಯಿಂದ ಸ್ಟಡ್ ಮಧ್ಯಕ್ಕೆ ಬರೆದಿಟ್ಟ ಅಳತೆ ಬಂದಾಗ ನಿಲ್ಲಿಸಿ.

ಥ್ರೆಡ್‌ಗೆ ಗ್ರೀಸ್ ಹೌದು, ಟೇಪರ್‌ಗೆ ಬೇಡವೇ ಬೇಡ. ನಕಲ್‌ನ ತೂತು ಮತ್ತು ಹೊಸ ಸ್ಟಡ್‌ನ ಇಳಿಜಾರು ಎರಡನ್ನೂ ಒಣ ಬಟ್ಟೆಯಿಂದ ಸ್ವಚ್ಛ ಒರೆಸಿ. ಲೋಹಕ್ಕೆ ಲೋಹ ಒಣಗಿದ್ದು ಕಚ್ಚಬೇಕು. ತೂತು ಒಂದು ಕಡೆ ಸವೆದು ಅಗಲ ಆಗಿದ್ದರೆ, ಸ್ಟಡ್ ಒಳಗೆ ಗಡಗಡ ಅಂದರೆ, ಅಲ್ಲಿಗೆ ನಿಲ್ಲಿಸಿ. ನಕಲ್ ಬದಲಾಯಿಸದೆ ಬೇರೆ ದಾರಿ ಇಲ್ಲ.

ಸ್ಟಡ್ ಕೂರಿಸಿ ನಟ್ ಹಾಕಿ. ಬಿಗಿಯುವಾಗ ಸ್ಟಡ್ ಜೊತೆಗೇ ಸುತ್ತುತ್ತಾ ಇದ್ದರೆ ಟೇಪರ್ ಇನ್ನೂ ಕಚ್ಚಿಲ್ಲ. ಎಂಡ್‌ನ ಕೆಳಗೆ ಮರದ ತುಂಡು ಇಟ್ಟು ಜಾಕ್‌ನಿಂದ ಮೆಲ್ಲಗೆ ಮೇಲಕ್ಕೆ ಒತ್ತಿ ಹಿಡಿದರೆ ಕಚ್ಚಿಕೊಳ್ಳುತ್ತದೆ. ಕೆಲವು ಸ್ಟಡ್‌ಗಳ ತುದಿಯಲ್ಲಿ ಅಲೆನ್ ಕೀ ಹಾಕುವ ಗುಳಿ ಇರುತ್ತದೆ, ಅದರಲ್ಲಿ ಹಿಡಿದೂ ಬಿಗಿಯಬಹುದು. ಸಣ್ಣ ಕಾರುಗಳಲ್ಲಿ ಈ ನಟ್‌ನ ಟಾರ್ಕ್ ಸಾಮಾನ್ಯವಾಗಿ 40 ನ್ಯೂಟನ್ ಮೀಟರ್ ಆಸುಪಾಸಿನಲ್ಲಿ ಇರುತ್ತದೆ, ನಿಮ್ಮ ಕಾರಿನ ಸರ್ವಿಸ್ ಮ್ಯಾನುಯಲ್‌ನಲ್ಲಿ ಇರುವ ಅಂಕಿಯೇ ಕೊನೆಯ ಮಾತು.

ಟಾರ್ಕ್ ಬಂದ ಮೇಲೆ ನಟ್‌ನ ಸೀಳು ಪಿನ್ ತೂತಿಗೆ ಸರಿಯಾಗಿ ಬಾರದಿದ್ದರೆ ಏನು ಮಾಡಬೇಕು? ಸೀಳು ಹೊಂದುವವರೆಗೆ ಇನ್ನೂ ಸ್ವಲ್ಪ ಬಿಗಿಯಿರಿ. ಯಾವತ್ತೂ ಹಿಂದಕ್ಕೆ ಸಡಿಲಿಸಿ ಹೊಂದಿಸಬೇಡಿ. ಹೊಸ ಪಿನ್ ಹಾಕಿ, ಒಂದು ಕಾಲು ಸ್ಟಡ್ ಮೇಲಕ್ಕೆ, ಇನ್ನೊಂದು ನಟ್ ಪಕ್ಕಕ್ಕೆ ಮಡಚಿ. ಹಳೆಯ ಪಿನ್ ಎಷ್ಟೇ ಚೆನ್ನಾಗಿ ಕಂಡರೂ ಬೇಡ, ಒಮ್ಮೆ ಮಡಚಿ ನೆಟ್ಟಗೆ ಮಾಡಿದ ತಂತಿ ಎರಡನೇ ಸಲ ಅದೇ ಜಾಗದಲ್ಲಿ ಮುರಿಯುತ್ತದೆ. ನೈಲಾನ್ ಇರುವ ನಟ್ ಬಂದಿದ್ದರೆ ಪಿನ್ ಬೇಡ, ಆದರೆ ನಟ್ ಹೊಸದೇ ಆಗಿರಬೇಕು.

ಕೊನೆಗೆ ಚೆಕ್ ನಟ್. ಎಂಡ್ ಅನ್ನು ಒಂದು ಸ್ಪ್ಯಾನರ್‌ನಲ್ಲಿ ನೆಟ್ಟಗೆ ಹಿಡಿದೇ ಬಿಗಿಯಿರಿ. ಹಿಡಿಯದಿದ್ದರೆ ಎಂಡ್ ಓರೆಯಾಗಿ, ಚಕ್ರ ಮೇಲೆ ಕೆಳಗೆ ಆದಾಗ ಸ್ಟಡ್ ಒಂದು ಕಡೆ ತಾಗುತ್ತದೆ, ಹೊಸ ಟೋಪಿಯೂ ಬೇಗ ಹರಿಯುತ್ತದೆ. ಸ್ಟೇರಿಂಗ್ ಅನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ ಏನೂ ತಾಗುವುದಿಲ್ಲ, ಮಡಿಕೆ ಬೂಟು ತಿರುಚಿಲ್ಲ ಅಂತ ನೋಡಿ ಆಮೇಲೆ ಚಕ್ರ ಹಾಕಿ. ವೀಲ್ ನಟ್ ಎದುರು ಬದುರಾಗಿ ಬಿಗಿದು, ಕೆಳಗೆ ಇಳಿಸಿದ ಮೇಲೆ ಪೂರ್ತಿ ಟಾರ್ಕ್ ಕೊಡಿ.

ಅಲೈನ್‌ಮೆಂಟ್

ಇದನ್ನು ಬಿಡುವ ಹಾಗಿಲ್ಲ. ನಿಮ್ಮ ಅಳತೆ ಎಷ್ಟು ಚೆನ್ನಾಗಿದ್ದರೂ ಅದು ಅಂಗಡಿಯವರೆಗೆ ನಿಧಾನವಾಗಿ ಓಡಿಸಿಕೊಂಡು ಹೋಗಲು ಮಾತ್ರ. ಹೊರಡುವ ಮೊದಲು ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಕಾರನ್ನು ನಾಲ್ಕೈದು ಮೀಟರ್ ಮುಂದಕ್ಕೆ ತಳ್ಳಿ, ಎತ್ತಿ ಇಳಿಸಿದ ಚಕ್ರ ಸರಿಯಾಗಿ ಕೂರಬೇಕು. ಸ್ಟೇರಿಂಗ್ ನೆಟ್ಟಗೆ ಇರಲಿ. ಎರಡೂ ಟೈರಿನ ಒಂದೇ ಗೆರೆಯಿಂದ ಗೆರೆಗೆ, ಮುಂದೆ ಒಮ್ಮೆ ಹಿಂದೆ ಒಮ್ಮೆ, ನೆಲದಿಂದ ಒಂದೇ ಎತ್ತರದಲ್ಲಿ ಟೇಪ್ ಹಿಡಿದು ಅಳೆಯಿರಿ. ಎರಡರ ವ್ಯತ್ಯಾಸ ಎರಡು ಮೂರು ಮಿ.ಮೀ. ದಾಟಿದರೆ ಎಲ್ಲೋ ಸುತ್ತು ತಪ್ಪಿದೆ, ವಾಪಸ್ ಹೋಗಿ ನೋಡಿ. ಮುಂದಿನ ಅಳತೆ ಕಮ್ಮಿ ಇದ್ದರೆ ಟೋ ಇನ್, ಜಾಸ್ತಿ ಇದ್ದರೆ ಟೋ ಔಟ್.

ಅಲೈನ್‌ಮೆಂಟ್ ಅಂಗಡಿಯಲ್ಲಿ ಎರಡು ಮಾತು ಹೇಳಿ. ಎಂಡ್ ಹೊಸದಾಗಿ ಹಾಕಿದ್ದೇನೆ, ಟೋ ಎರಡೂ ಕಡೆ ಸಮವಾಗಿ ಹಂಚಿ, ಸ್ಟೇರಿಂಗ್ ನೆಟ್ಟಗೆ ಬರಲಿ. ಮತ್ತೆ, ಕೆಲಸ ಆದ ಮೇಲೆ ಚೆಕ್ ನಟ್ ಬಿಗಿದಿದ್ದನ್ನು ನನಗೆ ತೋರಿಸಿ. ಟೋ ಸರಿಮಾಡಲು ಅವರು ಅದನ್ನು ಬಿಚ್ಚಲೇಬೇಕು, ಗಡಿಬಿಡಿಯಲ್ಲಿ ಬಿಗಿಯುವುದು ಮರೆತರೆ ನೀವು ಮನೆಯಲ್ಲಿ ಮಾಡಿದ್ದೆಲ್ಲ ನೀರಿಗೆ ಹೋಯಿತು. ನಾನು ಗುಂಡಿಗೆ ಇಳಿದು ನನ್ನ ಕೈಯಿಂದಲೇ ಮುಟ್ಟಿ ನೋಡುತ್ತೇನೆ, ಯಾರೂ ಇದುವರೆಗೆ ಬೇಡ ಅಂದಿಲ್ಲ.

ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಟಾರ್ಚ್ ಹಿಡಿದು ಬಗ್ಗಿ ನೋಡಿ. ಪಿನ್ ಜಾಗದಲ್ಲಿದೆಯಾ, ಟೋಪಿ ಸರಿಯಾಗಿ ಕೂತಿದೆಯಾ, ಚೆಕ್ ನಟ್‌ಗೂ ಎಂಡ್‌ಗೂ ಅಡ್ಡಲಾಗಿ ಎಳೆದ ಪೇಂಟ್ ಗೆರೆ ಒಂದೇ ಸಾಲಿನಲ್ಲಿದೆಯಾ. ಅಲೈನ್‌ಮೆಂಟ್ ಮುಗಿದ ಕೂಡಲೇ ಆ ಗೆರೆ ಎಳೆದುಕೊಂಡಿರಿ, ನಟ್ ಕೂದಲೆಳೆಯಷ್ಟು ತಿರುಗಿದರೂ ಗೆರೆ ಮುರಿದದ್ದು ಕಾಣುತ್ತದೆ.